ಅರ್ಧಕ್ಕೆ ಬಿಟ್ಟು ಬಂದರೂ ಬಿಟ್ಟುಕೊಡದವರಿಗೆ

ಅಪ್ಪ ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ. ಬಲಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ, ಆದರೆ ಮಾತು ಸ್ಪಷ್ಟವಾಗಿದೆ. ದುಬೈಯಿಂದಲೂ ತೀರ್ಥಹಳ್ಳಿ ಕಡೆಯಿಂದಲೂ ದಿನಾ ವಿಚಾರಿಸುತ್ತಿದ್ದವರಿಗೆ ಮೊದಲು ಈ ಸುದ್ದಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದೇನೆ. ಆದರೂ ಎಲ್ಲರೆದುರು ಹೇಳದೆ ಸಮಾಧಾನವಿಲ್ಲ.

ಯುಗಾದಿ ಕಳೆದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಆ ರಾತ್ರಿ ಅಮ್ಮ ಕೂಗಿದ ಕೂಡಲೇ ಪಕ್ಕದ ಮನೆಯವರು ಕಾರು ತೆಗೆದರು. ಬೆಳಗಾಗಲಿ, ನೋಡೋಣ ಅನ್ನಲಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಪ್ಪನಿಗೆ ಅದು ಸಿಕ್ಕಿತು. ಆ ಪಕ್ಕದ ಮನೆಯವರ ಋಣ ತೀರಿಸುವಂಥದ್ದಲ್ಲ.

ದುಬೈಯ ಕೆಲಸದ ನನ್ನ ಎರಡು ವರ್ಷದ ಒಪ್ಪಂದ ಮುಗಿಯಲು ಇನ್ನೂ ಸಮಯವಿತ್ತು. ಮನೆಯಲ್ಲಿ ಅಮ್ಮ ಒಬ್ಬರೇ, ಜೊತೆಗೆ ತೋಟ. ಬರಲೇಬೇಕಿತ್ತು. ರಜೆ ಅಂತ ಹೇಳಿ ಬಂದು ಸುಮ್ನೆ ಇಲ್ಲೇ ಉಳಿದುಬಿಡು ಅಂದವರೂ ಇದ್ದರು. ಅನ್ನ ಕೊಟ್ಟ ಜಾಗಕ್ಕೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ.

ದುಬೈಯ ಅಲ್ ಖೂಸ್‌ನಲ್ಲಿದ್ದ ನಮ್ಮ ಗೋದಾಮಿನ ಮ್ಯಾನೇಜರ್‌ಗೆ ಈಮೇಲ್ ಕಳಿಸುವ ಮೊದಲು ಎದುರು ಕೂತು ವಿಷಯ ಹೇಳಿದೆ. "ಅಪ್ಪನ ಹತ್ತಿರ ಈಗ ಯಾರಿದ್ದಾರೆ?" ಅಂತ ಕೇಳಿದರು. ಕೆಲಸದ ಮಾತು ಆಮೇಲೆ ಬಂತು. 2022ರ ಫೆಬ್ರವರಿಯಲ್ಲಿ ಜಾರಿಯಾದ ಅಲ್ಲಿನ ಕಾರ್ಮಿಕ ಕಾನೂನಿನಂತೆ ನೋಟಿಸ್ ಅವಧಿ 30ರಿಂದ 90 ದಿನ. ನನ್ನ ಒಪ್ಪಂದದಲ್ಲಿ 60 ಇತ್ತು. ಎರಡೂ ಕಡೆ ಒಪ್ಪಿದರೆ ಅದನ್ನು ಇಳಿಸಬಹುದು. ಅವರು ಮೇಲಿನವರ ಹತ್ತಿರ ಮಾತಾಡಿ 30ಕ್ಕೆ ಇಳಿಸಿಕೊಟ್ಟರು, ಸಂಬಳದಲ್ಲಿ ಏನೂ ಹಿಡಿಯಲಿಲ್ಲ. ಒಪ್ಪಲೇಬೇಕು ಅಂತ ಯಾವ ಕಾನೂನೂ ಅವರಿಗೆ ಹೇಳಿರಲಿಲ್ಲ. ಸರ್, ನಿಮಗೆ ಕನ್ನಡ ಬರುವುದಿಲ್ಲ, ಇದನ್ನು ಯಾರಾದರೂ ಓದಿ ಹೇಳುತ್ತಾರೆ. ನೀವು ಕೊಟ್ಟ ಆ ಒಂದು ತಿಂಗಳು ನಮ್ಮ ಮನೆಗೆ ಬಹಳ ದೊಡ್ಡದು.

ಸ್ಟೋರ್ ಒಪ್ಪಿಸುವ ಕೆಲಸದಲ್ಲಿ ಪಾಲಕ್ಕಾಡಿನ ಗೆಳೆಯ ಹೆಗಲು ಕೊಟ್ಟ. ಅರ್ಧ ಇಂಚು, ಮುಕ್ಕಾಲು ಇಂಚಿನ ಹಿತ್ತಾಳೆ ವಾಲ್ವ್‌ಗಳ ಡಬ್ಬಿ ನೋಡಲು ಒಂದೇ ಥರ. ಶಿಫ್ಟ್ ಮುಗಿದ ಮೇಲೂ ನಿಂತು ಒಂದೊಂದು ಡಬ್ಬಿ ತೆಗೆದು ನನ್ನ ಜೊತೆ ಎಣಿಸಿದ. "ನೀನು ಹೋದ ಮೇಲೆ ಲೆಕ್ಕ ಕಮ್ಮಿ ಬಂತು ಅಂತ ಒಬ್ಬರೂ ಅನ್ನಬಾರದು" ಅನ್ನುವುದು ಅವನ ಹಟ. ಅದಕ್ಕಿಂತ ದೊಡ್ಡ ಉಡುಗೊರೆ ಇನ್ಯಾವುದಿದೆ ಹೇಳಿ.

ಎಚ್‌ಆರ್‌ನಲ್ಲಿದ್ದ ಫಿಲಿಪೀನ್ಸ್‌ನ ಅಕ್ಕ ವೀಸಾ ರದ್ದತಿಯ ಕಾಗದಕ್ಕೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿಸಿದರು. ಬರಬೇಕಾದ್ದೆಲ್ಲ ಬಂತು ಅಂತ ಅದರಲ್ಲಿ ಬರೆದಿರುತ್ತದೆ, ಅಲ್ವಾ? ಒಂದು ವರ್ಷ ಪೂರೈಸಿದವರು ತಾವಾಗಿಯೇ ಕೆಲಸ ಬಿಟ್ಟರೂ ವರ್ಷಕ್ಕೆ 21 ದಿನದ ಮೂಲ ವೇತನದಂತೆ ಗ್ರಾಚ್ಯುಟಿ ಸಿಗಬೇಕು ಅಂತ ಲೆಕ್ಕ ಹಾಕಿ ತೋರಿಸಿದರು. ಮೊದಲು ಬ್ಯಾಂಕಿಗೆ ಹೋಗಿ ಸಾಲ, ಕ್ರೆಡಿಟ್ ಕಾರ್ಡ್ ಚುಕ್ತಾ ಮಾಡಿ ಕ್ಲಿಯರೆನ್ಸ್ ಪತ್ರ ತಗೊಂಡು ಬಾ ಅಂದರು. ಬಾಕಿ ಉಳಿಸಿ ಹೊರಟು ಏರ್‌ಪೋರ್ಟಿನಲ್ಲೇ ತಡೆಸಿಕೊಂಡವರನ್ನು ಅವರು ಕಂಡಿದ್ದಾರೆ.

ಇನ್ನು ಊರಿನವರು. ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಬೀಳದಿದ್ದರೆ ಕೊಳೆ ರೋಗಕ್ಕೆ ಇಡೀ ವರ್ಷದ ಫಸಲೇ ಹೋಗಬಹುದು. ನಾನು ಮಂಗಳೂರಿನಲ್ಲಿ ಇಳಿದು ಆಗುಂಬೆ ಘಾಟಿ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಮೊದಲ ಸುತ್ತು ಮುಗಿದಿತ್ತು! ಕೇರಿಯವರೆಲ್ಲ ಮುಯ್ಯಾಳಿಗೆ, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಕೈಜೋಡಿಸುವುದಕ್ಕೆ, ಬಂದಂತೆ ಬಂದು, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿ ಬೋರ್ಡೋ ಅನ್ನುವ ಔಷಧಿ ಮಾಡಿದ್ದರು. ಕತ್ತಿ ಅದ್ದಿ ನೋಡಿ, ಅಲಗು ಕೆಂಪಾದರೆ ಸುಣ್ಣ ಇನ್ನಷ್ಟು ಹಾಕಿ ಅಂತ ಅಪ್ಪ ಮಲಗಿದಲ್ಲಿಂದಲೇ ತೊದಲುತ್ತಾ ಹೇಳಿದರಂತೆ. ಅವರು ಹೇಳಿದ್ದನ್ನು ಯಾರೂ ಅರ್ಧಕ್ಕೆ ತಡೆಯಲಿಲ್ಲವಂತೆ, ಪೂರ್ತಿ ಕೇಳಿಸಿಕೊಂಡರಂತೆ. ಮರ ಹತ್ತಿ ಔಷಧಿ ಹೊಡೆದ ಕೊನೆಗಾರ ಕೂಲಿ ಮುಟ್ಟಲಿಲ್ಲ. ಈ ಮುಯ್ಯಿ ನಾನು ತೀರಿಸುತ್ತೇನೆ. ಎರಡನೇ ಔಷಧಿಗೆ ಕರೆಯಿರಿ, ಯಾರ ತೋಟವಾದರೂ ಸರಿ.

ಶಿವಮೊಗ್ಗದಲ್ಲಿ ಅಪ್ಪನ ಕೈಬೆರಳು ಒಂದೊಂದಾಗಿ ಬಿಡಿಸಿ ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟ್ ತಂಗಿಗೂ ನಮಸ್ಕಾರ.

ಗಲ್ಫ್‌ನಲ್ಲಿರುವ ನಮ್ಮ ಕಡೆಯವರು ಯಾರಾದರೂ ಹೀಗೆ ಅವಸರದಲ್ಲಿ ಹೊರಡಬೇಕಾದರೆ ನನಗೆ ಫೋನ್ ಮಾಡಿ, ಕಾಗದಪತ್ರ ಒಟ್ಟಿಗೆ ನೋಡೋಣ. ಗೋದಾಮಿನ ಗೆಳೆಯರು ಕೊಯ್ಲಿನ ಹೊತ್ತಿಗೆ ರಜೆ ಹಾಕಿ. ಮಂಗಳೂರಿಗೆ ಬಂದರೆ ಸಾಕು, ಆಗುಂಬೆ ಘಾಟಿಯ ಬುಡದ ಸೋಮೇಶ್ವರದ ತನಕ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.