ಬೆಂಕಿ ಬಿದ್ದಾಗ ಎತ್ತರದ ಬಿಲ್ಡಿಂಗ್‌ಗಳಿಂದ ಇಳಿಯೋ ಸಾಧನಗಳಿಗೆ ನಿಯಮ ಮಾಡಿ ಅಂತ ನಿವಾಸಿಗಳ ಮನವಿ

ಗೆ,
ಮಾನ್ಯ ಆಯುಕ್ತರು,
ಬೆಂಗಳೂರು ಪೂರ್ವ ನಗರ ಪಾಲಿಕೆ

ಪ್ರತಿ: ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ

ವಿಷಯ: ಹಗ್ಗದಲ್ಲಿ ಇಳಿಯೋ ಸಾಧನ, ಎಸ್ಕೇಪ್ ಚೂಟ್ (ಒಳಗೆ ಜಾರಿ ಇಳಿಯೋ ಬಟ್ಟೆ ಕೊಳವೆ), ಇವ್ಯಾಕ್ಯುಯೇಷನ್ ಕುರ್ಚಿ (ನಡೆಯೋಕಾಗದವರನ್ನ ಮೆಟ್ಟಿಲಲ್ಲಿ ಇಳಿಸೋ ಕುರ್ಚಿ) ಇವುಗಳ ಬಗ್ಗೆ ಸ್ಪಷ್ಟ ನಿಯಮ, ಜೊತೆಗೆ ಬಾಲ್ಕನಿ ಗ್ರಿಲ್ ಮತ್ತು ಮೆಟ್ಟಿಲುಗಳ ತಪಾಸಣೆ ಕೋರಿ.

ಮಾನ್ಯರೇ,

ನಾವು ವೈಟ್‌ಫೀಲ್ಡ್ ಕಡೆ ಒಂದು 14 ಮಹಡಿ ಅಪಾರ್ಟ್‌ಮೆಂಟಲ್ಲಿ ಇರೋ ನಿವಾಸಿಗಳು. ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರೂ ಇದಕ್ಕೆ ಸಹಿ ಹಾಕಿದಾರೆ. ಎಲ್ಲಾದ್ರೂ ಬೆಂಕಿ ಸುದ್ದಿ ಬಂತು ಅಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಗ್ಗ ಕಟ್ಕೊಂಡು ಇಳಿಯೋ ಮಷೀನು, ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಗು, ಬಟ್ಟೆ ಕೊಳವೆ ಒಳಗೆ ಜಾರೋದು ಅಂತ ವಿಡಿಯೋಗಳು ಶುರುವಾಗ್ತವೆ. ಇತ್ತೀಚೆಗೆ ಒಬ್ಬ ಮಾರಾಟಗಾರರು ಡೆಮೊ ಕೊಡೋಕೂ ಬಂದಿದ್ರು, ಬಾಲ್ಕನಿ ಕಂಬಿಗೆ ಹುಕ್ ಸಿಕ್ಕಿಸಿದ್ರೆ ಆಯ್ತು ಸಾರ್ ಅಂದ್ರು. ಆ ಕಂಬಿ ಎಷ್ಟು ಭಾರ ತಡೆಯುತ್ತೆ, ಈ ಮಷೀನ್ ಟೆಸ್ಟ್ ಮಾಡಿದ್ದು ಯಾರು, ವರ್ಷ ವರ್ಷ ಇದನ್ನ ಚೆಕ್ ಮಾಡೋರು ಯಾರು ಅಂತ ಕೇಳಿದ್ರೆ ಅವರ ಹತ್ರ ಉತ್ತರ ಇರಲಿಲ್ಲ. ನಮ್ಮಲ್ಲಿ ಅರ್ಧ ಜನ ತಗೊಳ್ಳೋಣ ಅಂತಾರೆ, ಇನ್ನರ್ಧ ಜನ ಬೇಡವೇ ಬೇಡ ಅಂತಾರೆ. ಜೀವದ ಪ್ರಶ್ನೆ ಇದು, ಅಸೋಸಿಯೇಷನ್ ಮೀಟಿಂಗಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡೋ ವಿಷಯ ಅಲ್ಲ. ಪಾಲಿಕೆ ಮತ್ತು ಅಗ್ನಿಶಾಮಕ ಇಲಾಖೆ ಕೂತು ಯಾವ ಬಿಲ್ಡಿಂಗ್‌ಗೆ ಯಾವ ಸಾಧನ, ಎಲ್ಲಿ, ಹೇಗೆ ಅಂತ ಹೇಳ್ಬೇಕು ಅನ್ನೋದೇ ಈ ಪತ್ರದ ಉದ್ದೇಶ.

ನಮ್ಮ ಭಯಕ್ಕೆ ಕಾರಣ ಇದೆ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರೋಡಿನ ಕಾರ್ಲ್‌ಟನ್ ಟವರ್ಸಲ್ಲಿ 9 ಜನ ಹೋದ್ರು, ಅಲ್ಲಿ ಬೆಂಕಿಗಿಂತ ಹೊಗೆಯೇ ಹೆಚ್ಚು ಕೊಂದಿದ್ದು, ಕೆಳಗೆ ಇಳಿಯೋಕೆ ದಾರಿ ಸಿಗದೆ ಕೆಲವರು ಕಿಟಕಿ ಒಡೆದು ಹಾರಿದ್ರು. 2021ರ ಅಕ್ಟೋಬರಲ್ಲಿ ಮುಂಬೈ ಕರ್ರಿ ರೋಡಿನ 60 ಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಬ್ಬ ಸೆಕ್ಯುರಿಟಿ ಗಾರ್ಡ್ 19ನೇ ಮಹಡಿ ಬಾಲ್ಕನಿ ಹಿಡ್ಕೊಂಡು ನೇತಾಡಿ ಕೈಜಾರಿ ಬಿದ್ದು ತೀರಿಕೊಂಡ್ರು, ಆ ದೃಶ್ಯ ದೇಶವೆಲ್ಲ ನೋಡಿದೆ. 2025ರ ಜೂನಲ್ಲಿ ದೆಹಲಿ ದ್ವಾರಕಾದಲ್ಲಿ ಅಪ್ಪ ಮತ್ತು ಎರಡು ಮಕ್ಕಳು ಮೇಲಿನ ಮಹಡಿಯಿಂದ ಹಾರಿದ್ರು, ಮೂವರೂ ಉಳೀಲಿಲ್ಲ. ಕೆಳಗೆ ಗಾಳಿ ಹಾಸಿಗೆ ಹಾಕಿದ್ರೂ ಗ್ಯಾರಂಟಿ ಇಲ್ಲ, 2024ರ ಆಗಸ್ಟಲ್ಲಿ ದಕ್ಷಿಣ ಕೊರಿಯಾದ ಬುಚಿಯಾನ್ ಹೋಟೆಲ್ ಬೆಂಕಿಯಲ್ಲಿ ಸತ್ತ 7 ಜನರಲ್ಲಿ ಇಬ್ಬರು ಏರ್ ಮ್ಯಾಟ್ರೆಸ್ ಮೇಲೆ ಹಾರಿದೋರೇ, ಮ್ಯಾಟ್ರೆಸ್ ಮಗುಚಿಕೊಳ್ತು.

ಹಾಗಂತ ಮನೆಗೊಂದು ಮಷೀನ್ ತಂದಿಟ್ರೆ ಮುಗೀತು ಅಂತ ನಾವು ಹೇಳ್ತಿಲ್ಲ, ಇದನ್ನ ದಯವಿಟ್ಟು ಗಮನಿಸಿ. ಸ್ವಲ್ಪ ಲೆಕ್ಕ ಹಾಕಿ ನೋಡಿದ್ವಿ. ನಮ್ಮ ಮೇಲಿನ ಮಹಡಿ ನೆಲದಿಂದ ಸುಮಾರು 40 ಮೀಟರ್, ಸೆಕೆಂಡಿಗೆ ಒಂದು ಮೀಟರ್ ಹಂಗೆ ಇಳಿದ್ರೂ ಒಬ್ಬರಿಗೆ 40 ಸೆಕೆಂಡ್, ಬೆಲ್ಟ್ ಹಾಕ್ಕೊಂಡು ಕಟ್ಟೆ ದಾಟೋಕೆ ಭಯದಲ್ಲಿ ಅದಕ್ಕಿಂತ ಜಾಸ್ತಿನೇ ಬೇಕು, ಅಂದ್ರೆ ಒಂದು ಮಷೀನಲ್ಲಿ ಐದು ಜನರ ಒಂದು ಮನೆ ಖಾಲಿ ಆಗೋಕೆ ಎಂಟು ಹತ್ತು ನಿಮಿಷ ಹಿಡಿಯುತ್ತೆ. ಅಷ್ಟು ಹೊತ್ತಲ್ಲಿ ಮೆಟ್ಟಿಲಲ್ಲಿ ಹೊಗೆ ಇಲ್ಲದಿದ್ರೆ ಇಡೀ ಟವರ್ ಇಳಿದು ಗೇಟ್ ಹತ್ರ ನಿಂತಿರುತ್ತೆ. ಆದ್ದರಿಂದ ಮೊದಲು ಮೆಟ್ಟಿಲು, ಮೆಟ್ಟಿಲು ಸಿಗದೇ ಹೋದ್ರೆ ಮಾತ್ರ ಮಷೀನು, ಯಾವ ನಿಯಮ ಮಾಡಿದ್ರೂ ಈ ಕ್ರಮದಲ್ಲೇ ಮಾಡಿ.

ಮೆಟ್ಟಿಲಿನ ಸ್ಥಿತಿ ನಮ್ಮ ಕಡೆ ಹೇಗಿದೆ ಅಂತ ನಾವೇ ಹೇಳ್ಬೇಕು. ಫೈರ್ ಡೋರ್‌ಗಳಿಗೆ ಡೋರ್ ಕ್ಲೋಸರ್ ಕೆಟ್ಟಿರೋದು, ಇಲ್ಲಾ ಗಾಳಿ ಬರ್ಲಿ ಅಂತ ಇಟ್ಟಿಗೆ ಇಟ್ಟು ತೆರೆದೇ ಬಿಡೋದು, ಲ್ಯಾಂಡಿಂಗಲ್ಲಿ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಹಳೇ ಹಾಸಿಗೆ, ಟೆರೇಸ್ ಬಾಗಿಲಿಗೆ ಬೀಗ, ಕೀಲಿ ಯಾರ ಹತ್ರ ಅಂತ ಕೇಳಿದ್ರೆ ಸೆಕ್ಯುರಿಟಿ ಸೂಪರ್‌ವೈಸರ್ ಹತ್ರ, ಅವರು ರಾತ್ರಿ ಇರಲ್ಲ. ಫೈರ್ ಡೋರ್ ಮುಚ್ಚಿದ್ರೆ ತಾನೇ ಹೊಗೆ ಮೆಟ್ಟಿಲಿಗೆ ಬರಲ್ಲ, ತೆರೆದಿಟ್ರೆ ಮೆಟ್ಟಿಲ ಗೂಡೇ ಚಿಮಣಿ ಆಗುತ್ತೆ. ನಾವು ಸಂಘದ ಮೂಲಕ ಹೇಳಿದ್ರೆ ಅಕ್ಕಪಕ್ಕದ ಮನೆಯವರ ಜೊತೆ ಜಗಳ ಆಗುತ್ತೆ ಅಷ್ಟೇ, ಪಾಲಿಕೆಯಿಂದ ನೋಟಿಸ್ ಬಂದ್ರೆ ತೆಗೀತಾರೆ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕಟ್ಟಡ ಕಟ್ಟುವಾಗ ತಗೊಂಡಿದ್ದು, ಅದಾದ ಮೇಲೆ ಜನ ಬಂದು ವಾಸ ಮಾಡೋಕೆ ಶುರುಮಾಡಿದಾಗ ತಾನೇ ಈ ಸಾಮಾನೆಲ್ಲ ಬರೋದು, ಹಾಗಾಗಿ ವರ್ಷಕ್ಕೊಮ್ಮೆ ಮುಂಚೆ ತಿಳಿಸದೇ ಬಂದು ನೋಡಿ.

ಈಗ ಸಾಧನದ ವಿಷಯ. ಹಗ್ಗದ ಇಳಿಕೆ ಸಾಧನದ ಬಗ್ಗೆ ನಮ್ಮಲ್ಲಿರೋ ಮೆಕ್ಯಾನಿಕಲ್ ಇಂಜಿನಿಯರ್‌ಗಳು ಕೂತು ಎಲ್ರಿಗೂ ವಿವರಿಸಿದ್ರು. ಒಂದು ಚಿಕ್ಕ ಪೆಟ್ಟಿಗೆ ಒಳಗೆ ರಾಟೆ, ಅದಕ್ಕೆ ಗೇರು, ಗೇರಿನ ತುದೀಲಿ ಬ್ರೇಕ್ ಶೂ. ಮನುಷ್ಯನ ಭಾರಕ್ಕೆ ರಾಟೆ ತಿರುಗುತ್ತೆ, ಜೋರಾಗಿ ತಿರುಗಿದಷ್ಟೂ ಶೂಗಳು ಹೊರಗೆ ತಳ್ಳಿಕೊಂಡು ಡ್ರಮ್ಮಿಗೆ ಉಜ್ಜುತ್ತವೆ, ವೇಗ ತಾನಾಗೇ ಹತೋಟಿಗೆ ಬರುತ್ತೆ, ಹಾಗಾಗಿ ಹಗುರ ಇರೋರೂ ದಪ್ಪ ಇರೋರೂ ನಿಧಾನವಾಗೇ ಇಳೀತಾರೆ, ಕರೆಂಟ್ ಬೇಡ, ಕೈಯಲ್ಲಿ ಏನೂ ಹಿಡಿಯೋದು ಬೇಡ. ಹಗ್ಗದ ಎರಡೂ ತುದಿಗೆ ಬೆಲ್ಟ್ ಇರುತ್ತೆ, ಬಾವಿಯಲ್ಲಿ ಒಂದು ಕೊಡ ಇಳಿದ್ರೆ ಇನ್ನೊಂದು ಮೇಲೆ ಬರೋ ಹಾಗೆ, ಒಬ್ಬರು ಕೆಳಗೆ ಮುಟ್ಟೋ ಹೊತ್ತಿಗೆ ಮುಂದಿನವರ ಬೆಲ್ಟ್ ಮೇಲೆ ಬಂದಿರುತ್ತೆ. ತುಂಬಾ ಸರಳ, ಒಳ್ಳೇ ಯಂತ್ರ. ಆದ್ರೆ ಅಪಾಯ ಇರೋದು ಯಂತ್ರದಲ್ಲಿ ಅಲ್ಲ, ಅದನ್ನ ಎಲ್ಲಿಗೆ ಸಿಕ್ಕಿಸ್ತೀವಿ ಅನ್ನೋದ್ರಲ್ಲಿ. ಬಾಲ್ಕನಿ ಕಂಬಿ ಒರಗಿಕೊಳ್ಳೋಕೆ ಮಾಡಿರೋದು, ಅದಕ್ಕೆ ಮನುಷ್ಯರನ್ನ ನೇತು ಹಾಕೋಕಲ್ಲ. ಸ್ಲ್ಯಾಬಿಗೋ ಕಾಂಕ್ರೀಟ್ ಗೋಡೆಗೋ ಆಂಕರ್ ಬೋಲ್ಟ್ ಹಾಕಿ ಬ್ರ್ಯಾಕೆಟ್ ಕೂರಿಸಿ, ಭಾರ ಹಾಕಿ ಎಳೆದು ಟೆಸ್ಟ್ ಮಾಡಿದ ಮೇಲಷ್ಟೇ ಅದು ಸುರಕ್ಷಿತ. ಟೊಳ್ಳು ಬ್ಲಾಕ್ ಗೋಡೆಗೆ ಡ್ರಿಲ್ ಮಾಡಿ ಬೋಲ್ಟ್ ಹಾಕಿದ್ರೆ ಮೊದಲನೇ ಸಲಕ್ಕೇ ಕಿತ್ಕೊಂಡು ಬರಬಹುದು.

ದಕ್ಷಿಣ ಕೊರಿಯಾದಲ್ಲಿ ಇದಕ್ಕೆ ಕಾನೂನೇ ಇದೆ, 3ನೇ ಮಹಡಿಯಿಂದ 10ನೇ ಮಹಡಿವರೆಗೆ ಮಾತ್ರ ಇಂಥ ಸಾಧನಗಳನ್ನ ಹಾಕೋದು, ಇಳಿಯೋ ವೇಗ ಸೆಕೆಂಡಿಗೆ 16 ಸೆಂಟಿಮೀಟರಿಂದ 150 ಸೆಂಟಿಮೀಟರ್ ಒಳಗೇ ಇರ್ಬೇಕು, ಪರೀಕ್ಷೆ ಮಾಡೋ ಕನಿಷ್ಠ ಭಾರ ಸುಮಾರು 25 ಕೆಜಿ. ಅಂದ್ರೆ ನಮ್ಮ ಮನೆಗಳ ನರ್ಸರಿ ಮಕ್ಕಳು ಒಬ್ಬೊಬ್ಬರೇ ಇದರಲ್ಲಿ ಇಳಿಯೋ ಹಾಗಿಲ್ಲ, ಇದನ್ನ ಆ ಮಾರಾಟಗಾರರು ಒಂದು ಮಾತೂ ಹೇಳಿರಲಿಲ್ಲ. ಇನ್ನೊಂದು ಬಹಳ ಮುಖ್ಯವಾದ್ದು, ಕೊರಿಯಾ ಜಪಾನ್ ಎರಡೂ ಕಡೆ ಸಾಮಾನ್ಯವಾಗಿ ಒಂದು ಮಹಡಿಯ ಸಾಧನ ಇನ್ನೊಂದು ಮಹಡಿ ಸಾಧನದ ನೇರಕ್ಕೆ ಬರದ ಹಾಗೆ ಓರೆ ಓರೆಯಾಗಿ ಕೂರಿಸಬೇಕು. ಯಾಕಂದ್ರೆ ಮೇಲಿಂದ ಇಳಿಯೋರು ಕೆಳಗಿನವರ ತಲೆ ಮೇಲೆ ಬರಬಾರದು. ಮನೆ ಮನೆಯವರು ತಮಗೆ ಬೇಕಾದ ಕಡೆ ಸಿಕ್ಕಿಸಿಕೊಂಡ್ರೆ ಇದು ಆಗೋದೇ ಇಲ್ಲ, ಇಡೀ ಕಟ್ಟಡಕ್ಕೆ ಒಂದು ನಕ್ಷೆ ಬೇಕು. ಇಳಿಯೋ ದಾರೀಲಿ ಕೆಳಗಿನ ಮನೆ ಕಿಟಕಿಯಿಂದ ಉರಿ ಬರ್ತಿದ್ರೆ ಏನು ಗತಿ ಅನ್ನೋದನ್ನೂ ಆ ನಕ್ಷೆ ಮಾಡೋರೇ ಯೋಚಿಸಬೇಕು.

ಜಪಾನಿನ ಅಪಾರ್ಟ್‌ಮೆಂಟುಗಳಲ್ಲಿ ಇನ್ನೂ ಸರಳ ವ್ಯವಸ್ಥೆ ಇದೆ. ಬಾಲ್ಕನಿ ನೆಲದಲ್ಲಿ ಒಂದು ಮುಚ್ಚಳ, ತೆಗೆದ್ರೆ ಮಡಚಿಟ್ಟ ಏಣಿ ಕೆಳಗಿನ ಬಾಲ್ಕನಿಗೆ ಇಳಿಯುತ್ತೆ. ಪಕ್ಕದ ಮನೆ ಬಾಲ್ಕನಿ ಮಧ್ಯೆ ತೆಳು ಹಲಗೆ, ತುರ್ತಲ್ಲಿ ಒದ್ದರೆ ಒಡೆದು ಆ ಕಡೆ ಹೋಗಬಹುದು. 40 ಮೀಟರ್ ಗಾಳಿಯಲ್ಲಿ ನೇತಾಡೋ ಬದಲು ಒಂದೊಂದೇ ಮಹಡಿ ಇಳಿಯೋದು ನಮ್ಮ ತಾಯಂದಿರಿಗೂ ಸಾಧ್ಯ ಅನ್ಸುತ್ತೆ. ಹಳೇ ಕಟ್ಟಡಕ್ಕೆ ಸ್ಲ್ಯಾಬ್ ಕೊರೆಯೋದು ಸರಿ ಅಲ್ಲ, ಆದ್ರೆ ಈಗ ಪ್ಲ್ಯಾನ್ ಮಂಜೂರಾತಿಗೆ ಬರೋ ಹೊಸ ಕಟ್ಟಡಗಳಿಗೆ ಇದನ್ನ ಯಾಕೆ ಕೇಳಬಾರದು? ನಮ್ಮ ದೇಶದಲ್ಲೇ ಉದಾಹರಣೆ ಇದೆ, ಮುಂಬೈನ ಡಿಸಿಪಿಆರ್ 2034 ಅನ್ನೋ ಕಟ್ಟಡ ನಿಯಮಗಳಲ್ಲಿ 70 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ ಎಸ್ಕೇಪ್ ಚೂಟ್ ಅಥವಾ ಹತೋಟಿಯಲ್ಲಿ ಕೆಳಗಿಳಿಸೋ ಸಾಧನದ ಬಗ್ಗೆ ಬರೆದೇ ಇದಾರೆ. ನಮ್ಮ ಪೂರ್ವ ಭಾಗದಲ್ಲಿ ಈಗ ಏಳ್ತಿರೋ ಟವರ್‌ಗಳನ್ನ ನೋಡಿದ್ರೆ ಇಲ್ಲಿಗೂ ಅಂಥದ್ದೊಂದು ಬೇಕೇ ಬೇಕು.

ಆದ್ರೆ ಯಾವ ಸಾಧನ ತಂದ್ರೂ ಗ್ರಿಲ್ ಇದ್ರೆ ಅದು ವ್ಯರ್ಥ. 2021ರ ಸೆಪ್ಟೆಂಬರಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಬೆಂಕಿಯಲ್ಲಿ ತಾಯಿ ಮಗಳು ಇಬ್ಬರೂ ಹೋದ್ರಲ್ಲ, ಬಾಲ್ಕನಿಗೆ ಗ್ರಿಲ್ ಇತ್ತು, ಹೊರಗೆ ಬರೋಕೇ ಆಗಲಿಲ್ಲ, ಕೆಳಗೆ ನಿಂತ ಜನ ನೋಡ್ತಾ ಇರೋದು ಬಿಟ್ಟು ಏನೂ ಮಾಡೋಕಾಗಲಿಲ್ಲ. ಆ ವಿಡಿಯೋ ನೋಡಿದ ರಾತ್ರಿ ನಮ್ಮಲ್ಲಿ ಎಷ್ಟೋ ಜನ ನಿದ್ದೆ ಮಾಡಿಲ್ಲ. ಪಾರಿವಾಳಕ್ಕೆ, ಕಳ್ಳರಿಗೆ, ಮಕ್ಕಳು ಬೀಳ್ತಾರೆ ಅನ್ನೋ ಭಯಕ್ಕೆ ಗ್ರಿಲ್ ಹಾಕಿಸ್ತೀವಿ, ಅದು ತಪ್ಪಲ್ಲ, ಪೂರ್ತಿ ಬೆಸುಗೆ ಹಾಕಿಸೋದು ತಪ್ಪು. ಪ್ರತಿ ಮನೆಯಲ್ಲಿ ಕನಿಷ್ಠ ಒಂದು ಬಾಲ್ಕನಿ ಗ್ರಿಲ್ಲಿಗೆ ಒಳಗಿಂದ ಕೀಲಿ ಇಲ್ಲದೇ ತೆಗೆಯೋ ಬಾಗಿಲು ಇರಲೇಬೇಕು, ಚಿಲಕ ಮಗುವಿಗೆ ಎಟುಕದಷ್ಟು ಎತ್ತರದಲ್ಲಿ ಇರಲಿ ಅಂತ ಪಾಲಿಕೆ ಆದೇಶ ಹೊರಡಿಸಬೇಕು ಅಂತ ಒತ್ತಾಯಿಸ್ತೀವಿ. ಇದಕ್ಕೆ ವಿದೇಶದ ಯಂತ್ರ ಬೇಡ, ರಸ್ತೆ ತುದಿಯ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡ್ತಾರೆ.

ಹಗ್ಗದಲ್ಲೂ ಇಳಿಯೋಕಾಗದ, ಮೆಟ್ಟಿಲೂ ಇಳಿಯೋಕಾಗದ ಜನ ನಮ್ಮಲ್ಲಿ ತುಂಬಾ ಇದಾರೆ. ಮಂಡಿ ಆಪರೇಷನ್ ಆದವರು, ಪಾರ್ಶ್ವವಾಯು ಆದವರು, ಹೆರಿಗೆಗೆ ಬಂದ ಹೆಣ್ಮಕ್ಕಳು. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಅಂತ ಬೋರ್ಡ್ ಇದೆ, ಅವರು ಏನು ಮಾಡ್ಬೇಕು ಅಂತ ಯಾವ ಬೋರ್ಡಲ್ಲೂ ಇಲ್ಲ. ಅವರಿಗೆ ಇರೋ ಸಾಧನ ಅಂದ್ರೆ ಇವ್ಯಾಕ್ಯುಯೇಷನ್ ಕುರ್ಚಿ, ಹಿಂಭಾಗದಲ್ಲಿ ರಬ್ಬರ್ ಪಟ್ಟಿ ಇರುತ್ತೆ, ಅದು ಮೆಟ್ಟಿಲಂಚಿಗೆ ಹಿಡಿದುಕೊಂಡು ನಿಧಾನವಾಗಿ ಜಾರುತ್ತೆ, ಹಿಂದಿನಿಂದ ಹಿಡ್ಕೊಂಡೋರು ಪೂರ್ತಿ ಭಾರ ಎತ್ತಬೇಕಾಗಿಲ್ಲ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಲ್ಲಿ 1993ರ ಬಾಂಬ್ ದಾಳಿ ಆದ ಮೇಲೆ ಇವನ್ನ ತಂದಿಟ್ಟಿದ್ರು, 2001ರ ಸೆಪ್ಟೆಂಬರ್ 11ರಂದು ಗಾಲಿಕುರ್ಚಿ ಬಳಸೋ ಒಬ್ಬರನ್ನ ಸಹೋದ್ಯೋಗಿಗಳು 69ನೇ ಮಹಡಿಯಿಂದ ಇಂಥದ್ದೇ ಕುರ್ಚಿಯಲ್ಲಿ ಇಳಿಸಿ ಜೀವ ಉಳಿಸಿದ್ರು. ಎಲ್ಲಾ ಸಾಧನಗಳಲ್ಲಿ ನಾವು ಮೊದಲು ಕೇಳೋದು ಇದನ್ನೇ. ಪ್ರತಿ ಟವರಿಗೆ ಕನಿಷ್ಠ ಎರಡು ಕುರ್ಚಿ ಕಡ್ಡಾಯ ಮಾಡಿ, ಖರ್ಚು ಮೇಂಟೆನೆನ್ಸ್ ಫಂಡಿನಿಂದ ನಾವೇ ಹಾಕ್ತೀವಿ, ತರಬೇತಿ ಮಾತ್ರ ಇಲಾಖೆಯಿಂದ ಕೊಡಿಸಿ.

ಏಣಿ ಗಾಡಿ ವಿಷಯ ಒಂದೇ ಮಾತು. 2023ರಲ್ಲಿ ರಾಜ್ಯಕ್ಕೆ 90 ಮೀಟರ್ ಎತ್ತರಕ್ಕೆ ಹೋಗೋ ಏಣಿ ವಾಹನ ಬಂತು, ನಮಗೆಲ್ಲ ಖುಷಿ ಆಯ್ತು. ಆದ್ರೆ ಅದು ನಮ್ಮ ಗೇಟ್ ಒಳಗೆ ಬರುತ್ತಾ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಎತ್ತರದ ಕಟ್ಟಡದ ಪಕ್ಕ 6 ಮೀಟರ್ ಅಗಲದ, 45 ಟನ್ ಗಾಡಿ ತಡೆಯೋ ಗಟ್ಟಿ ದಾರಿ ಬೇಕು. ನಮ್ಮ ಸುತ್ತ ಆ ದಾರೀಲಿ ವಿಸಿಟರ್ ಪಾರ್ಕಿಂಗ್ ಇದೆ, ಹೂವಿನ ಕುಂಡ ಇದೆ, ಕೆಲವು ಕಡೆ ಕೆಳಗೆ ಬೇಸ್‌ಮೆಂಟ್ ಇದೆ, ಹೊರಗಿನ ರಸ್ತೆಯಲ್ಲಿ ಕೇಬಲ್‌ಗಳು ಜೋತು ಬಿದ್ದಿವೆ. ಒಂದು ಭಾನುವಾರ ಅಗ್ನಿಶಾಮಕ ಸಿಬ್ಬಂದಿ ಒಂದು ಗಾಡಿ ತಂದು ನಮ್ಮ ಬೀದೀಲಿ ತಿರುಗಿಸಿ ನೋಡಿದ್ರೆ ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಅವತ್ತೇ ಗೊತ್ತಾಗುತ್ತೆ.

ಹಾಗಾಗಿ ತಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟು. ಪಾಲಿಕೆ, ಅಗ್ನಿಶಾಮಕ ಇಲಾಖೆ, ಸ್ಟ್ರಕ್ಚರಲ್ ಇಂಜಿನಿಯರ್‌ಗಳು ಮತ್ತು ನಿವಾಸಿಗಳ ಪ್ರತಿನಿಧಿಗಳು ಸೇರಿ ಒಂದು ಸಮಿತಿ ಮಾಡಿ, ಯಾವ ಸಾಧನಕ್ಕೆ ಯಾವ ಟೆಸ್ಟ್ ಆಗಿರಬೇಕು, ಎಷ್ಟನೇ ಮಹಡಿವರೆಗೆ ಬಳಸಬಹುದು, ಆಂಕರ್ ಯಾರು ಹಾಕಬೇಕು, ಯಾರು ಸಹಿ ಮಾಡಬೇಕು ಅನ್ನೋದನ್ನ ಕನ್ನಡದಲ್ಲಿ ಬರೆದು ಹೊರಡಿಸಿ. ಅದು ಬರೋವರೆಗೆ ಪರೀಕ್ಷೆ ಆಗದ ಹಗ್ಗದ ಮಷೀನ್‌ಗಳನ್ನ ಅಪಾರ್ಟ್‌ಮೆಂಟುಗಳಿಗೆ ಬಂದು ಮಾರೋದರ ಬಗ್ಗೆ ಒಂದು ಎಚ್ಚರಿಕೆ ಪ್ರಕಟಣೆ ಕೊಡಿ. ಗ್ರಿಲ್ ಆದೇಶ ಮತ್ತು ಮೆಟ್ಟಿಲ ತಪಾಸಣೆಗೆ ಯಾವ ಸಮಿತಿನೂ ಬೇಡ, ಅದನ್ನ ಈ ತಿಂಗಳೇ ಶುರು ಮಾಡಬಹುದು, ಮೊದಲು ನಮ್ಮ ಅಪಾರ್ಟ್‌ಮೆಂಟಿಂದಲೇ ಶುರು ಮಾಡಿ, ನಮ್ಮಲ್ಲಿ ತಪ್ಪು ಸಿಕ್ಕಿದ್ರೆ ನಮಗೇ ನೋಟಿಸ್ ಕೊಡಿ. ವರ್ಷಕ್ಕೆ ಎರಡು ಸಲ ಬೆಂಕಿ ಅಣಕು ಡ್ರಿಲ್ ಆಗಲಿ, ಅದರಲ್ಲಿ ಒಂದು ರಾತ್ರಿ ಹೊತ್ತು, ಮನೆಕೆಲಸದವರು ಸೆಕ್ಯುರಿಟಿಯವರು ಎಲ್ರೂ ಸೇರಿ, ಯಾಕಂದ್ರೆ ಮೊದಲು ಹೊಗೆ ನೋಡೋದು ಸಾಮಾನ್ಯವಾಗಿ ಅವರೇ.

ತಾವು ಸಮಯ ಕೊಟ್ರೆ ನಮ್ಮ ಪ್ರತಿನಿಧಿಗಳು ಮೆಟ್ಟಿಲು, ಗ್ರಿಲ್, ಗೇಟ್‌ಗಳ ಫೋಟೋ ಮತ್ತು ಕಟ್ಟಡದ ನಕ್ಷೆ ತಗೊಂಡು ಕಚೇರಿಗೆ ಬರ್ತಾರೆ. ದಯವಿಟ್ಟು ಲಿಖಿತ ಉತ್ತರ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಪರವಾಗಿ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸದಸ್ಯರು

ಲಗತ್ತು: ನಿವಾಸಿಗಳ ಸಹಿ ಪಟ್ಟಿ, ಫೋಟೋಗಳು