ಪೆಟ್ಟಿಗೆಯಲ್ಲಿ ಇಲ್ಲದ ಪ್ಯಾಡು: ತಮ್ಮನ ಮಗಳಿಗೊಂದು ಪತ್ರ

ನಾಪೋಕ್ಲು, ಕೊಡಗು
ಏಪ್ರಿಲ್ ಮೊದಲ ವಾರ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಇಗ್ಗುತ್ತಪ್ಪನ ದಯೆಯಿಂದ ಕ್ಷೇಮವಾಗಿದ್ದೇವೆ. ಮಾರ್ಚ್ ಮಧ್ಯದಲ್ಲಿ ಒಂದು ಇಂಚು ಇಪ್ಪತ್ತು ಸೆಂಟು ಹೂಮಳೆಯಾಗಿ ರೊಬಸ್ಟಾ ಕಾಫಿ ಚೆನ್ನಾಗಿಯೇ ಅರಳಿತು. ಈಗ ಅದರ ಹಿಂದೆ ಬರಬೇಕಾದ ಎರಡನೆಯ ಮಳೆಗಾಗಿ ದಿನವೂ ಆಕಾಶ ನೋಡುತ್ತಿದ್ದೇವೆ.

ವೃತ್ತಿಪರ ಲೀಗ್ ಆಡುವ ತಂಡವೊಂದರ ಸಮಾಜಸೇವಾ ವಿಭಾಗದಲ್ಲಿ ನಿನಗೆ ಕೆಲಸ ಸಿಕ್ಕಿದ ಸುದ್ದಿಯನ್ನು ನಿನ್ನಪ್ಪ ಮೊದಲೇ ಫೋನಿನಲ್ಲಿ ತಿಳಿಸಿದ್ದ. ಮೂವತ್ತನಾಲ್ಕು ವರ್ಷ ಪಿ.ಟಿ. ಮಾಸ್ಟರಾಗಿ ಸೀಟಿ ಊದಿದವನಿಗೆ ತನ್ನ ಮನೆಯ ಹುಡುಗಿಯೊಬ್ಬಳು ಆಟದ ಲೋಕದಲ್ಲೇ ಅನ್ನ ಕಂಡುಕೊಂಡಳೆಂಬುದು ಎಷ್ಟು ಸಂತೋಷದ ವಿಷಯವೆಂದು ನಾನು ಬರೆಯಬೇಕಾಗಿಲ್ಲ. ಆದರೆ ನಿನ್ನ ಪತ್ರದ ಕೊನೆಯಲ್ಲಿ, ಇದೆಲ್ಲ ಸೇವೆಯೋ ಬರೀ ಜಾಹೀರಾತೋ ಎಂದು ಗೆಳತಿಯರು ಕೇಳಿದರೆ ಏನು ಹೇಳಲಿ ಎಂದು ಕೇಳಿದ್ದೀಯಲ್ಲ, ಆ ಪ್ರಶ್ನೆ ನನ್ನನ್ನು ನಾಲ್ಕು ದಿನ ಬಿಡಲಿಲ್ಲ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ.

ಎರಡೂ ಹೌದು ಎಂದು ಹೇಳಿಬಿಡು, ಸಂಕೋಚ ಬೇಡ. ಜಾಹೀರಾತಿನ ನೆರಳಿನಲ್ಲಿ ಬೆಳೆದ ಒಳ್ಳೆಯ ಕೆಲಸಗಳನ್ನು ನಾನೇ ನೋಡಿದ್ದೇನೆ. 2008ರಲ್ಲಿ ಐಪಿಎಲ್ ಶುರುವಾದಾಗ ಇದು ಆಟಗಾರರನ್ನು ಹರಾಜು ಹಾಕುವ ಸಂತೆಯೆಂದು ಬೈದವರಲ್ಲಿ ನಾನೂ ಒಬ್ಬ. ಆದರೂ ಮುಂಬೈ ತಂಡದವರು ವರ್ಷಕ್ಕೊಂದು ಪಂದ್ಯದ ದಿನ ವಾಂಖೆಡೆಯ ಗ್ಯಾಲರಿಗಳಲ್ಲಿ ಬಡಕುಟುಂಬಗಳ ಸಾವಿರಾರು ಮಕ್ಕಳನ್ನು ನೀಲಿ ಅಂಗಿ ತೊಡಿಸಿ ಕೂರಿಸುವುದನ್ನು ಟಿ.ವಿ.ಯಲ್ಲಿ ನೋಡುವಾಗ ಬೈಯಲು ಬಾಯಿ ಬರುವುದಿಲ್ಲ. ನಮ್ಮ ಬೆಂಗಳೂರಿನ ತಂಡ ಪರಿಸರದ ಅರಿವಿಗಾಗಿ 2011ರಿಂದ ಬಹುತೇಕ ಪ್ರತಿ ಸೀಸನ್ನಿನಲ್ಲೂ ಒಂದು ಪಂದ್ಯವನ್ನು ಹಸಿರು ಜೆರ್ಸಿಯಲ್ಲಿ ಆಡುತ್ತ ಬಂದಿದೆ. ಗುಜರಾತಿನವರು ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸಲು ಲ್ಯಾವೆಂಡರ್ ಬಣ್ಣ ತೊಡುತ್ತಾರೆ. ರಾಜಸ್ಥಾನದವರು 2024ರ ಏಪ್ರಿಲ್‌ನಲ್ಲಿ ಜೈಪುರದ ಒಂದು ಪಂದ್ಯದ ಪ್ರತಿಯೊಂದು ಸಿಕ್ಸರಿಗೂ ಆರು ಮನೆಗಳಿಗೆ ಸೌರವಿದ್ಯುತ್ ಕೊಡಿಸುವುದಾಗಿ ಹೇಳಿದರು. ಇವುಗಳಲ್ಲಿ ನನಗೆ ಕೊನೆಯದೇ ಹೆಚ್ಚು ಹಿಡಿಸಿತು, ಏಕೆಂದರೆ ಅಂಗಿಯ ಬಣ್ಣ ಆ ರಾತ್ರಿಗೆ ಮುಗಿಯುತ್ತದೆ, ಮನೆಯ ದೀಪ ಮರುದಿನವೂ ಉರಿಯಲೇಬೇಕು. ಉರಿಯದಿದ್ದರೆ ಮನೆಯವರು ಬಂದು ಕೇಳುತ್ತಾರೆ.

ಡಾಟ್ ಬಾಲಿನ ಗಿಡಗಳ ವಿಷಯ ನಿನಗೆ ಗೊತ್ತೇ ಇದೆ. 2023ರ ಪ್ಲೇಆಫ್ ಪಂದ್ಯಗಳಲ್ಲಿ ರನ್ ಬಾರದ ಒಂದೊಂದು ಎಸೆತಕ್ಕೂ 500 ಸಸಿ ನೆಡುವುದಾಗಿ ಕ್ರಿಕೆಟ್ ಮಂಡಳಿಯೂ ಟಾಟಾದವರೂ ಸೇರಿ ಹೇಳಿ, 294 ಎಸೆತಗಳಿಗೆ 1,47,000 ಸಸಿಗಳ ಲೆಕ್ಕವಾಯಿತು. ಇಪ್ಪತ್ತು ಓವರಿನ ಆಟದಲ್ಲಿ ಬೌಲರನ ದುಡಿಮೆಗೂ ಒಂದು ಬೆಲೆ ಬಂತಲ್ಲ ಎಂದು ನಾನು ಮೊದಲು ಚಪ್ಪಾಳೆಯನ್ನೇ ತಟ್ಟಿದೆ. ಆಮೇಲೆ ತೋಟದವನ ಬುದ್ಧಿ ಎದ್ದು ಕುಳಿತಿತು. ಸಿಲ್ವರ್ ಓಕ್ ಸಸಿ ನೆಡುವುದು ಜೂನ್ ತಿಂಗಳ ಒಂದು ವಾರದ ಕೆಲಸ. ಅದನ್ನು ಬದುಕಿಸುವುದು ಮೂರು ಬೇಸಿಗೆಗಳ ಕೆಲಸ. ಬುಡಕ್ಕೆ ತರಗೆಲೆ ಮುಚ್ಚಬೇಕು, ಕಳೆ ಕಡಿಸಬೇಕು, ಸಸಿ ಸತ್ತ ಗುಂಡಿಯಲ್ಲಿ ಮರುವರ್ಷ ಇನ್ನೊಂದನ್ನು ಇಡಬೇಕು. ಹೀಗಾಗಿ ನಿನ್ನ ಕಚೇರಿಯಲ್ಲಿ ಎಂದಾದರೂ ಸಸಿಗಳ ಸಂಖ್ಯೆಯ ಕಾಗದ ನಿನ್ನ ಮೇಜಿಗೆ ಬಂದರೆ, ನೆಟ್ಟವು ಎಷ್ಟು ಎಂಬ ಸಾಲಿನ ಕೆಳಗೆ ಮೂರನೆಯ ವರ್ಷಕ್ಕೆ ಉಳಿದವು ಎಷ್ಟು ಎಂಬ ಇನ್ನೊಂದು ಸಾಲನ್ನು ನೀನೇ ಗೆರೆ ಎಳೆದು ಸೇರಿಸು. ಮೊದಮೊದಲು ನಗುವರು. ನಗಲಿ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದಾಗ ನಾನಿದ್ದ ಶಾಲೆಯಲ್ಲಿಯೂ ಸಂತ್ರಸ್ತರು ಬಂದು ಉಳಿದಿದ್ದರು. ನೀನು ಆಗ ಹೈಸ್ಕೂಲಿನಲ್ಲಿದ್ದೆ, ನಿನ್ನಮ್ಮನೊಂದಿಗೆ ಬಂದು ಬಟ್ಟೆ ವಿಂಗಡಿಸಿದ್ದು ನೆನಪಿರಬಹುದು. ಶಿಬಿರ ಮುಗಿದು ತರಗತಿಗಳು ಶುರುವಾದ ಮೇಲೆ, ಆಟಕ್ಕೆ ಸಂಬಂಧಿಸಿದ ಒಂದು ದೊಡ್ಡ ಸಂಸ್ಥೆಯವರು (ಹೆಸರು ಬೇಡ) ನಮ್ಮ ಮಕ್ಕಳಿಗೆಂದು ಎರಡು ಕಾರು, ಒಂದು ಲಾರಿಯಲ್ಲಿ ಬಂದರು. ಪೆಟ್ಟಿಗೆ ಬಿಚ್ಚಿದರೆ ಹೊಚ್ಚಹೊಸ ಐವತ್ತು ಹಾಕಿ ಸ್ಟಿಕ್ಕುಗಳು. ಹಿಡಿಯ ರಬ್ಬರಿನ ವಾಸನೆ ಇಡೀ ಸ್ಟಾಫ್ ರೂಮನ್ನು ತುಂಬಿತು. ಮಕ್ಕಳ ಮುಖ ನೋಡಬೇಕಿತ್ತು! ಆದರೆ ಎಲ್ಲವೂ ಮೂವತ್ತೇಳು ಇಂಚಿನ, ದೊಡ್ಡವರ ಸ್ಟಿಕ್ಕುಗಳು. ಏಳನೆಯ ತರಗತಿಯ ಹುಡುಗನ ಎದೆಯ ತನಕ ಬರುತ್ತಿದ್ದವು. ಗೋಲ್‌ಕೀಪರಿಗೆ ಒಂದು ಜೊತೆ ಪ್ಯಾಡಿಲ್ಲ, ಹೆಲ್ಮೆಟ್ಟಿಲ್ಲ. ಫೋಟೊ ತೆಗೆದರು, ಬ್ಯಾನರ್ ಮಡಚಿದರು, ಘಾಟಿಯಲ್ಲಿ ಕತ್ತಲಾದೀತೆಂದು ಚಹಾ ಸಹ ಕುಡಿಯದೆ ಹೊರಟರು. ಅವರು ಕೆಟ್ಟವರೆಂದು ನಾನು ಈಗಲೂ ಹೇಳುವುದಿಲ್ಲ. ಮುಂಚೆ ಒಂದು ಫೋನು ಮಾಡಿ, ಮಾಸ್ಟರೇ, ನಿಮಗೇನು ಬೇಕು ಎಂದು ಕೇಳಿದ್ದರೆ ಅರ್ಧ ಹಣದಲ್ಲಿ ಎರಡರಷ್ಟು ಕೆಲಸವಾಗುತ್ತಿತ್ತು. ಆ ವರ್ಷವಿಡೀ ನಮ್ಮ ಹುಡುಗರು ಗೋಲಿನಲ್ಲಿ ಯಾರು ನಿಲ್ಲಬೇಕೆಂದು ಚೀಟಿ ಎತ್ತುತ್ತಿದ್ದರು. ಚೀಟಿ ಬಂದವನು ಕಾಲಿಗೆ ಗೋಣಿಚೀಲ ಸುತ್ತಿಕೊಂಡು ನಿಲ್ಲುತ್ತಿದ್ದ.

ಇನ್ನು ಹಣದ ಮಾತು. ಯಾವ ಚೀಲದಿಂದ ಹಣ ಬರುತ್ತಿದೆ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ತಿಳಿದುಕೋ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಆದರೆ ತನ್ನ ಸರಕಿನ ಪ್ರಚಾರದ ಲಾಭಕ್ಕಾಗಿ ಕೊಟ್ಟ ಪ್ರಾಯೋಜಕತ್ವದ ಹಣವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲವೆಂದು 2021ರ ತಿದ್ದುಪಡಿ ನಿಯಮಗಳು ಬಿಡಿಸಿ ಹೇಳಿವೆ. ಅಂದರೆ ಅಂಗಿಯ ಮೇಲಿನ ಹೆಸರಿಗೆ ಕೊಟ್ಟ ಹಣ ಬೇರೆ, ಊರಿಗೆ ಸಲ್ಲಬೇಕಾದ ಹಣ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿ ಬರೆಯಲು ಯಾರಾದರೂ ಹೇಳಿದರೆ ನೀನು ಸಹಿ ಹಾಕಬೇಡ. ಅದೇ ನಿಯಮಗಳಲ್ಲಿ ನಿನಗೆ ಉಪಯೋಗವಾಗುವ ಇನ್ನೊಂದು ಸಂಗತಿಯಿದೆ: ಶುರುವಾದ ಹಣಕಾಸು ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷಗಳವರೆಗೆ ಮುಂದುವರಿಯುವ ಯೋಜನೆಗಳನ್ನು ಕೈಗೊಳ್ಳಬಹುದು. ಮಾರ್ಚ್ 31ರೊಳಗೆ ಹಣ ಮುಗಿಸಬೇಕಾಗಿದೆ, ಒಂದು ದಿನದ ಕಾರ್ಯಕ್ರಮ ಮಾಡಿಬಿಡೋಣ ಎನ್ನುವವರಿಗೆ ಇದನ್ನು ತೋರಿಸು.

ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಗ್ರೀನ್ ಬೇ ಎಂಬ ಸಣ್ಣ ಪಟ್ಟಣದ ಫುಟ್‌ಬಾಲ್ ತಂಡಕ್ಕೆ ಒಡೆಯನೆಂಬ ಧಣಿಯಿಲ್ಲ. 1923ರಿಂದ ಜನರೇ ಷೇರು ಕೊಂಡು ಅದನ್ನು ಉಳಿಸಿಕೊಂಡಿದ್ದಾರೆ. ಆ ಷೇರಿಗೆ ಲಾಭಾಂಶವೂ ಇಲ್ಲ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ನಮ್ಮ ಕೊಡವ ಕುಟುಂಬಗಳದೇ ಹಾಕಿ ಹಬ್ಬವಾದ ಹಾಕಿ ನಮ್ಮೆ ನೆನಪಾಯಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರುಮಾಡಿದಾಗ ಬಂದದ್ದು 60 ಒಕ್ಕಗಳ, ಅಂದರೆ ಮನೆತನಗಳ, ತಂಡಗಳು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರು ನಡೆಸಿದಾಗ 396. ಅಲ್ಲಿ ಹರಾಜಿಲ್ಲ, ಸಂಬಳವಿಲ್ಲ. ಗಂಡಸರು, ಹೆಂಗಸರು, ಶಾಲೆಯ ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ವರ್ಷಕ್ಕೊಂದು ಕುಟುಂಬ ಹೊಣೆ ಹೊತ್ತು ಮೈದಾನ, ಊಟ, ಅಂಪೈರುಗಳ ವ್ಯವಸ್ಥೆಗೆ ಮನೆಮನೆ ಸುತ್ತುತ್ತದೆ. 2018ರಲ್ಲಿ, ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ನಾನು ಫುಲ್‌ಬ್ಯಾಕ್ ಆಗಿ ನಿಂತು ಮೊಣಕಾಲು ಉಳುಕಿಸಿಕೊಂಡದ್ದನ್ನು ನಿನ್ನ ದೊಡ್ಡಮ್ಮ ಇನ್ನೂ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಅದಾದ ಮರುವರ್ಷ ನಮ್ಮೆ ನಡೆಯಲೇ ಇಲ್ಲ; ನಾಡಿನ ಅಷ್ಟು ಮನೆಗಳು ಮಣ್ಣಿನಡಿ ಹೋಗಿರುವಾಗ ಹಬ್ಬವೇಕೆಂದು ಬಿಟ್ಟುಬಿಟ್ಟರು. ಆ ವರ್ಷ ಖಾಲಿ ಬಿದ್ದಿದ್ದ ಮೈದಾನ ನೋಡಿ ಬೇಸರವಾದರೂ, ಆಟ ಊರಿಗೆ ಸೇರಿದ್ದು ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು.

ವೃತ್ತಿಪರ ಲೀಗಿನಿಂದ ಇದನ್ನು ನಿರೀಕ್ಷಿಸುವುದು ಕಷ್ಟ, ಅವರಿಗೆ ಟಿ.ವಿ.ಯ ಒಪ್ಪಂದವಿದೆ, ವೇಳಾಪಟ್ಟಿಯಿದೆ. ಆದರೂ 2019ರಲ್ಲಿ ಪುಲ್ವಾಮಾ ದಾಳಿಯ ನಂತರ ಐಪಿಎಲ್ ತನ್ನ ಉದ್ಘಾಟನಾ ಸಮಾರಂಭವನ್ನು ಕೈಬಿಟ್ಟಿತು, ಮಂಡಳಿ 20 ಕೋಟಿ ರೂಪಾಯಿಯನ್ನು ಸೇನೆಗಳಿಗೂ ಸಿ.ಆರ್.ಪಿ.ಎಫ್‌ಗೂ ಹಂಚಿತು. ಆದರೆ ಅದಕ್ಕೆ ಮುಂಚೆ 2016ರಲ್ಲಿ ಮಹಾರಾಷ್ಟ್ರದಲ್ಲಿ ಕುಡಿಯುವ ನೀರಿಗೆ ಹಾಹಾಕಾರವಿದ್ದಾಗ, ಏಪ್ರಿಲ್ 30ರ ನಂತರದ ಪಂದ್ಯಗಳನ್ನು ರಾಜ್ಯದಿಂದ ಹೊರಗೆ ಒಯ್ಯಿರೆಂದು ಬಾಂಬೆ ಹೈಕೋರ್ಟೇ ಹೇಳಬೇಕಾಯಿತು. ಕಾವೇರಿ ಹುಟ್ಟುವ ಊರಿನವಳು ನೀನು, ಬೆಂಗಳೂರಿನಲ್ಲಿ ಕುಡಿಯುವುದೂ ಅದೇ ನೀರು. ಮೈದಾನಕ್ಕೆ ಹಾಯಿಸುವ ನೀರು ಎಲ್ಲಿಂದ ಬರುತ್ತದೆ, ಪಂದ್ಯ ಮುಗಿದ ರಾತ್ರಿ ಉಳಿಯುವ ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದೂ ನಿನ್ನ ವಿಭಾಗದ ಕೆಲಸವೇ ಎಂದು ತಿಳಿ.

ಬರೆಯಲು ಕೈ ಹಿಂಜರಿದರೂ ಇನ್ನೊಂದನ್ನು ಬರೆಯಲೇಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೆದ್ದ ತಂಡವನ್ನು ನೋಡಲು ಬಂದ 11 ಮಂದಿ ಕಾಲ್ತುಳಿತದಲ್ಲಿ ತೀರಿಕೊಂಡರು. ಆಮೇಲೆ ತಂಡ ಆ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಪ್ರಕಟಿಸಿತು. ತಪ್ಪು ಯಾರದೆಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ಕಚೇರಿಯ ಕಾಗದಗಳಲ್ಲಿ ಸಮುದಾಯ ಎಂಬ ಮಾತು ಬಂದಾಗಲೆಲ್ಲ ಎಲ್ಲೋ ದೂರದ ಹಳ್ಳಿಯ ಚಿತ್ರ ಮಾತ್ರ ನಿನ್ನ ಕಣ್ಣಿಗೆ ಬರಬಾರದು. ಗೇಟಿನ ಹೊರಗೆ ಟಿಕೆಟ್ಟಿಲ್ಲದೆ ನಿಂತ ಹುಡುಗ, ಬಾವುಟ ಮಾರುವ ಹೆಂಗಸು, ಗ್ಯಾಲರಿ ಗುಡಿಸುವವರು, ಅವರೇ ನಿಮ್ಮ ಮೊದಲ ಸಮುದಾಯ. ಅವರಿಗೆ ಕುಡಿಯುವ ನೀರಿದೆಯೇ, ಹೊರಗೆ ಹೋಗಲು ದಾರಿಯಿದೆಯೇ ಎಂದು ನೋಡಿದ ಮೇಲೆ ಸಸಿ ನೆಡಬಹುದು.

ನಿಮ್ಮ ತಂಡದವರು ಕೊಡಗಿಗೂ ಏನಾದರೂ ಮಾಡೋಣವೆಂದು ಒಂದು ದಿನ ಹೇಳಿಯೇ ಹೇಳುತ್ತಾರೆ. ಆಗ ನೀನು ಸ್ಟಿಕ್ಕಿನ ಪಟ್ಟಿ ಬರೆಯಬೇಡ. ಸ್ಟಿಕ್ಕುಗಳು ಇಲ್ಲಿ ಅಟ್ಟದ ಮೇಲೆ, ಬಾಗಿಲ ಹಿಂದೆ, ಬೇಕಾದಷ್ಟಿವೆ. ಇಲ್ಲದಿರುವುದು ಬೇರೆ. ಸಂಜೆ ಐದೂವರೆಗೆ ಅಭ್ಯಾಸ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ಮನೆಗೆ ಹೋಗಲು ಬಸ್ಸಿಲ್ಲ. ತೋಟದ ದಾರಿಯಲ್ಲಿ ಆನೆ ನಿಂತಿರಬಹುದೆಂಬ ಭಯಕ್ಕೆ ಅಪ್ಪಂದಿರು ಆಟವನ್ನೇ ಬಿಡಿಸುತ್ತಾರೆ. ನಾನು ಕಲಿಸಿದ, ನನಗಿಂತ ಚೆನ್ನಾಗಿ ಓಡುತ್ತಿದ್ದ ಮೂವರು ಹುಡುಗಿಯರು ಒಂಬತ್ತನೆಯ ತರಗತಿಯಲ್ಲೇ ಹೀಗೆ ನಿಂತುಹೋದರು. ಒಂದು ಜೀಪು, ಅದರ ಡ್ರೈವರಿಗೆ ಸಂಬಳ, ಒಬ್ಬ ಕೋಚಿಗೆ ಮೂರು ವರ್ಷಗಳ ಸಂಬಳ, ಎರಡು ಜೊತೆ ಗೋಲ್‌ಕೀಪರ್ ಪ್ಯಾಡು: ಇಷ್ಟನ್ನು ಕೇಳು. ಜೀಪಿನ ಮೇಲೆ ನಿಮ್ಮ ತಂಡದ ಹೆಸರು ಎಷ್ಟು ದೊಡ್ಡದಾಗಿ ಬೇಕಾದರೂ ಬರೆದುಕೊಳ್ಳಲಿ, ನನ್ನ ತಕರಾರಿಲ್ಲ. ಫೋಟೊಕ್ಕೂ ಬರಲಿ, ಆದರೆ ಎರಡನೆಯ ವರ್ಷವೂ ಬರಲಿ.

ನಮ್ಮೆಗೆ ಎರಡು ದಿನ ರಜೆ ಹಾಕಿ ಬಾ. ನಮ್ಮ ಒಕ್ಕದ ತಂಡಕ್ಕೆ ಈ ಸಲ ರೈಟ್ ಇನ್ ಸ್ಥಾನಕ್ಕೆ ಯಾರೂ ಇಲ್ಲ, ನಿನ್ನ ಹಳೆಯ ಬೂಟು ಹಿರಿಯರ ಐನ್‌ಮನೆಯಲ್ಲಿ ಭತ್ತದ ಪತ್ತಾಯದ ಪಕ್ಕದಲ್ಲಿಯೇ ಇದೆ; ನಿನ್ನ ದೊಡ್ಡಮ್ಮ ನಿನ್ನೆ ಅದಕ್ಕೆ ಬಿಸಿಲು ತೋರಿಸಿದಳು. ನನ್ನನ್ನು ಗೋಲಿನಲ್ಲಿ ನಿಲ್ಲಿಸುವ ಮಾತು ನಡೆದಿದೆ. ಪ್ಯಾಡು ಸಾಲ ಸಿಗುವುದೇ ಎಂದು ವಿಚಾರಿಸುತ್ತಿದ್ದೇನೆ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ