ತೋಟದ ಹೆಂಗಸರ ಉರಿಮೂತ್ರ
ಮಾನ್ಯರೇ,
ಕಾಫಿ ಕುಯ್ಲು ಟೈಮಲ್ಲಿ ನಮ್ಮ ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟದ ಹೆಂಗಸರು ಸಂಜೆವರೆಗೂ ಮೂತ್ರ ತಡ್ಕೊಂಡೇ ಕೆಲ್ಸ ಮಾಡ್ತಾರೆ, ನೀರೂ ಸರಿಯಾಗಿ ಕುಡಿಯಲ್ಲ, ಆಮೇಲೆ ಉರಿ ಅಂತ ಮೆಡಿಕಲ್ ಶಾಪಲ್ಲಿ ಎರಡು ಮಾತ್ರೆ ನುಂಗಿ ಬಿಟ್ಟುಬಿಡ್ತಾರೆ. ಇದ್ರಲ್ಲಿ ಹೆಚ್ಚಿನದು ಇ. ಕೋಲಿ ಬ್ಯಾಕ್ಟೀರಿಯಾದ್ದೇ ಕೆಲ್ಸ. ಅದು ಮೈಮೇಲಿನ ಕೂದಲಿನಂಥ ಎಳೆಗಳಿಂದ ಮೂತ್ರಕೋಶದ ಒಳಪದರದ ಸೆಲ್‌ಗಳಿಗೆ ಅಂಟ್ಕೊಂಡು, ಒಳಗೇ ನುಗ್ಗಿ ಗುಂಪಾಗಿ ಬೆಳೆಯುತ್ತೆ, ದೇಹ ಆ ಸೆಲ್‌ಗಳನ್ನೇ ಉದುರಿಸಿ ಹೊರಗೆ ಹಾಕುತ್ತೆ, ಆದ್ರೆ ಆಗ ಕೆಳಗಿನ ಪದರ ಬಯಲಾಗುತ್ತಲ್ಲ, ಕೆಲವು ಬ್ಯಾಕ್ಟೀರಿಯಾ ಅಲ್ಲಿಗೇ ಸೇರ್ಕೊಂಡು ತೆಪ್ಪಗೆ ಕೂತ್ಕೊಳ್ಳುತ್ತೆ ಅಂತ ಇಲಿಗಳ ಮೇಲಿನ ಸಂಶೋಧನೆ ತೋರಿಸಿದೆ. ಅಲ್ಲಿರೋದು ಆಂಟಿಬಯಾಟಿಕ್‌ಗೂ ಸುಲಭಕ್ಕೆ ಸಿಗಲ್ಲ. ಅರ್ಧಂಬರ್ಧ ಮಾತ್ರೆ ಬೇರೆ!
ತೋಟದಲ್ಲಿ ಶೌಚಾಲಯ ಬೇಕು ಅಂತ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಲ್ಲೇ ಇತ್ತು. ಕೆಲ್ಸದವರು ಇರೋ ಲೈನ್‌ಮನೆ ಹತ್ರ ಇದ್ರೆ ಸಾಲದು ಸ್ವಾಮಿ, ಸ್ಪ್ರಿಂಕ್ಲರ್ ಪೈಪು ಹೋಗೋ ಜಾಗಕ್ಕೆ ಒಂದು ಮೊಬೈಲ್ ಟಾಯ್ಲೆಟ್ ಹೋಗಲ್ವಾ?
– ಓದುಗ, ಸಿದ್ದಾಪುರ, ಕೊಡಗು